ಸೂರಿಲ್ಲದ ಕಾರು, ಮೇಣದ ಹಲ್ಲು

ಸೂರು ಮಡಚುವ ಹಳೇ ಕಾರನ್ನು ದಿನಾ ಓಡಿಸುವವರಿಗೆ ಊರಿಗೆ ಊರೇ ನೆಂಟರು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಪಕ್ಕದ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಗೆ ಬಂದು "ಲೀಟರಿಗೆ ಎಷ್ಟು ಕೊಡುತ್ತೆ?" ಎನ್ನುತ್ತದೆ. ಸೈಕಲ್ಲಿನವನು ತನ್ನ ಅಪ್ಪನ ಮನೆ ಜಗಲಿಯೇನೋ ಎಂಬಂತೆ ಬಾಗಿಲ ಮೇಲೆ ಕೈಯೂರಿ ನಿಲ್ಲುತ್ತಾನೆ. ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: "ಮಳೆ ಬಂದ್ರೆ ಏನ್ ಮಾಡ್ತೀರಿ?"

"ನೆನೀತೀನಿ," ಎನ್ನುತ್ತಿದ್ದಳು ಹಲ್ಲಕ್ಕ. ಹಸಿರು ದೀಪ ಬರುವಷ್ಟರಲ್ಲಿ ಅವಳ ಎಡಗಾಲು ಕ್ಲಚ್ಚಿನ ಮೇಲೆ ಹತ್ತು ಸಲ ಕುಣಿದಿರುತ್ತಿತ್ತು.

ಹಲ್ಲಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ಹನ್ನೊಂದು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವಳು ಅವಳೇ; ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದ ಮೇಲೆ ಬೇರೆ ಹೆಸರು ಯಾರಿಗೂ ನೆನಪಿರಲಿಲ್ಲ. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡುತ್ತಾಳೆ, ದವಡೆಯ ಮೇಲೆ ಮೇಣ ಮೆತ್ತುತ್ತಾಳೆ, ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಾಳೆ. ಅದನ್ನು ವೈದ್ಯರ ಹತ್ತಿರ ಒಯ್ದು ರೋಗಿಯ ಬಾಯಿಗೆ ಇಡಿಸಿ ನೋಡಿ, ಸರಿ ಎಂದ ಮೇಲೆ ವಾಪಸು ತಂದು ಮೇಣ ಕರಗಿಸಿ, ಆ ಜಾಗದಲ್ಲಿ ಗುಲಾಬಿ ಬಣ್ಣದ ಗಟ್ಟಿ ರಾಳ ತುಂಬುತ್ತಾಳೆ. ಮೇಣದಲ್ಲಿ ಇರುವಷ್ಟು ದಿನ ಹಲ್ಲು ಹಸುಗೂಸು ಇದ್ದ ಹಾಗೆ. ರಾಳಕ್ಕೆ ಕೂತಿತೆಂದರೆ ಮುಗಿಯಿತು, ತಪ್ಪೂ ಕಲ್ಲಾಗುತ್ತದೆ.

ಕೂತು ಮಾಡುವ ಕೆಲಸ, ಕೂರಲಾರದ ಹೆಂಗಸು. ಎರಡು ಹಲ್ಲು ನೆಟ್ಟರೆ ಎದ್ದು ಕಿಟಕಿಗೆ ಹೋಗಿ ಬರಬೇಕು, ನಾಲ್ಕು ನೆಟ್ಟರೆ ಬೀದಿಗೇ ಹೋಗಿ ಬರಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವಳ ತಾಯಿ ಬೈಯುತ್ತಿದ್ದಳಂತೆ. ಆ ಚಕ್ರ ಮದುವೆಯಾದ ಮೇಲೆ ಎಲ್ಲರ ಉಪಯೋಗಕ್ಕೂ ಬಂತು.

ಅದು ಏಳು ಸೀಟಿನ ವ್ಯಾನು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವಳು ಹಲ್ಲಕ್ಕ. ಕೆಳಗಿನ ಮನೆಯಲ್ಲಿ ಅವಳು, ಗಂಡ, ಅತ್ತೆ. ಮೇಲಿನ ಮಹಡಿಯಲ್ಲಿ ಮೈದುನ, ಓರಗಿತ್ತಿ, ಅವರ ಮೂರು ಮಕ್ಕಳು. "ಹೇಗೂ ಆ ಕಡೆ ಹೋಗ್ತಿದೀಯಲ್ಲ," ಎನ್ನುವುದು ಆ ಮನೆಯ ಸುಪ್ರಭಾತ. ಹೇಗೂ ಹೋಗ್ತಿದೀಯಲ್ಲ, ಮಕ್ಕಳನ್ನ ಸ್ಕೂಲಿಗೆ ಬಿಟ್ಬಿಡು. ಹೇಗೂ ಹೋಗ್ತಿದೀಯಲ್ಲ, ಗ್ಯಾಸ್ ಸಿಲಿಂಡರ್ ಹಾಕ್ಕೊಂಡು ಬಾ. ಹೇಗೂ ಬರ್ತಿದೀಯಲ್ಲ, ನನ್ನ ತಮ್ಮನ ಸೋಫಾ ಇದೆ. ಈ 'ಹೇಗೂ' ಎಂಬ ಮಾತನ್ನು ಮೊದಲು ಆಡಿದವರ ನಾಲಿಗೆ ಬಿದ್ದುಹೋಗಲಿ. ಒಬ್ಬ ಹೆಂಗಸಿನ ಇಡೀ ಆಯುಷ್ಯವನ್ನು ಆ ಎರಡಕ್ಷರದಲ್ಲಿ ಗಂಟು ಕಟ್ಟಿ ವ್ಯಾನಿನ ಹಿಂದೆ ಎಸೆಯಬಹುದು.

ಕೊನೆಗೊಂದು ದಿನ ವ್ಯಾನು ತಾನಾಗಿಯೇ ಕಣ್ಣು ಮುಚ್ಚಿತು. ಮನೆಯವರೆಲ್ಲ ಎಂಟು ಸೀಟಿನದೊಂದು ನೋಡಿಕೊಂಡು ಬರೋಣ ಎಂದು ಮಾತಾಡುತ್ತಿರುವಾಗಲೇ ಹಲ್ಲಕ್ಕ ತನ್ನ ಸ್ವಂತ ಉಳಿತಾಯದಲ್ಲಿ ಒಬ್ಬ ಮುದಿ ಕಹಳೆ ವಾದಕನಿಂದ ಈ ಕಾರು ಕೊಂಡು ತಂದು ಬಾಗಿಲಲ್ಲಿ ನಿಲ್ಲಿಸಿದಳು. ನಲವತ್ತೆಂಟು ವರ್ಷದ ಕಾರು, ಅವಳಿಗಿಂತ ಎರಡು ವರ್ಷ ಚಿಕ್ಕದು. ಸಾಸಿವೆ ಬಣ್ಣ, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇದ್ದದ್ದು ಎರಡೇ ಸೀಟು.

ಅವಳ ಗಂಡ ಲಿಫ್ಟ್ ಪರೀಕ್ಷಕ. ಊರಿನ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ನೋಡಿ ಓಡಬಹುದು, ಓಡಬಾರದು ಎಂದು ಚೀಟಿ ಅಂಟಿಸುವವನು. ಒಂದು ಸಲ ಹಗ್ಗ ಜಾರಿದ ಲಿಫ್ಟಿಗೆ ಕೆಂಪು ಚೀಟಿ ಹಾಕಿದನೆಂದರೆ ಆ ಕಟ್ಟಡದ ಯಜಮಾನ ಕಾಲಿಗೆ ಬಿದ್ದರೂ ತೆಗೆಯುವವನಲ್ಲ. ಕೆಟ್ಟವನಲ್ಲ, ಆದರೆ ಜಗತ್ತಿನಲ್ಲಿ ಎರಡೇ ಬಣ್ಣದ ಚೀಟಿ ಇದೆ ಎಂದು ನಂಬಿದವನು. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, "ಇದು ವಾಹನ ಅಲ್ಲ, ಆಟದ ಸಾಮಾನು. ಇದರಲ್ಲಿ ದಿನಾ ಕೆಲಸಕ್ಕೆ ಹೋಗಕ್ಕಾಗುತ್ತಾ?" ಎಂದ. ಮೈದುನ ನಕ್ಕ. ಓರಗಿತ್ತಿ, "ಅಕ್ಕನಿಗೆ ಈಗ ವಯಸ್ಸು ಬರ್ತಿದೆ," ಎಂದಳು.

ಆ ನಗು ಹಲ್ಲಕ್ಕನ ನೆತ್ತಿಗೇರಿತು. "ಒಂದು ವರ್ಷ ದಿನಾ ಇದರಲ್ಲೇ ಹೋಗ್ತೀನಿ, ಮಳೆಯಾಗಲಿ ಬಿಸಿಲಾಗಲಿ," ಎಂದಳು. "ಇದರಿಂದ ನನ್ನ ಒಂದೇ ಒಂದು ಕೆಲಸ ಕೆಟ್ರೂ ನಾನೇ ಮಾರಿ, ನಿಮಗೆ ಬೇಕಾದಷ್ಟು ಸೀಟಿನ ವ್ಯಾನು ತಂದು ನಿಲ್ಲಿಸ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಸುತ್ತು ಹಾಕಿದ.

ಇನ್ನು ಆ ಕಾರಿನ ಸುಖವನ್ನು ಏನೆಂದು ಹೇಳುವುದು. ಒಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ, ಏಳುವುದೆಂದರೆ ಬಾವಿಯಿಂದ ಹತ್ತಿದ ಹಾಗೆ. ಲಾರಿಯ ಚಕ್ರ ಸರಿಯಾಗಿ ಕಿವಿಯ ಮಟ್ಟಕ್ಕೆ ತಿರುಗುತ್ತದೆ. ಹೀಟರಿನ ಗಾಳಿ ಬಲಗಾಲಿಗೆ ಮಾತ್ರ, ಎಡಗಾಲು ಅನಾಥ. ಬಟ್ಟೆಯ ಸೂರು ಎಳೆದು ಕೊಂಡಿ ಹಾಕಲು ಎರಡು ಜನ ಮತ್ತು ಒಂದು ಜಗಳ ಬೇಕು ಎಂದು ಕಹಳೆಯವನು ಮೊದಲೇ ಹೇಳಿದ್ದ. ಹಲ್ಲಕ್ಕ ಅದನ್ನು ಒಬ್ಬಳೇ, ಕಾರಿನ ಜೊತೆಯೇ ಜಗಳವಾಡಿ, ಎರಡೂವರೆ ನಿಮಿಷಕ್ಕೆ ಇಳಿಸಿದ್ದಳು. ಸೂರು ಹಾಕಿದ ಮೇಲೂ ಒಂದು ಹನಿ ಎಲ್ಲಿಂದಲೋ ಬಂದು ಎಡಗಡೆ ಮಂಡಿಯ ಮೇಲೆಯೇ ಬೀಳುತ್ತಿತ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಎರಡು ನಿಮಿಷ ಪುಸಲಾಯಿಸಬೇಕು, ಮೂರನೇ ನಿಮಿಷ ಗದರಬೇಕು.

ಆದರೂ ಕಾರು ಒಂದು ದಿನವೂ ಕೈಕೊಡಲಿಲ್ಲ. ತರಕಾರಿ ಚೀಲ, ಪ್ಲಾಸ್ಟರ್ ಮೂಟೆ, ಎಲ್ಲಕ್ಕೂ ಪಕ್ಕದ ಸೀಟೇ ಗತಿ. ಬೆಲ್ಟು ಹಾಕಿ ಕೂರಿಸಿದರೆ ಮಾತಾಡದೆ ಬರುತ್ತವೆ. ಹೊಸ ಕಾರುಗಳು ಜಾಗ ಹುಡುಕಿ ಸುತ್ತುವಾಗ ಇದು ಎರಡು ಕಂಬದ ನಡುವೆ ನುಸುಳಿ ನಿಲ್ಲುತ್ತಿತ್ತು. ಬೇಕರಿಯ ಮುಂದೆ ಬ್ರೆಡ್ಡಿನ ವಾಸನೆ, ಮರಗೆಲಸದವನ ಅಂಗಡಿಯ ಮುಂದೆ ಹೊಟ್ಟಿನ ವಾಸನೆ, ಯಾವುದೂ ಗಾಜು ತಟ್ಟಿ ಅಪ್ಪಣೆ ಕೇಳುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಾಗಿ, "ಹೇಗೂ ಹೋಗ್ತಿದೀಯಲ್ಲ" ಎಂದು ಬಾಯಿ ತೆರೆದವರು ಆ ಒಂದು ಸೀಟು ನೋಡಿ, ಅದರ ಮೇಲಿನ ಪ್ಲಾಸ್ಟರ್ ಮೂಟೆ ನೋಡಿ, ಬಾಯಿ ಮುಚ್ಚುತ್ತಿದ್ದರು. ಕಾರು ಉಪಯೋಗಕ್ಕೆ ಬರುವುದಿಲ್ಲ ಎಂದು ಊರೆಲ್ಲ ಹೇಳಿತು. ಹಾಗೆ ಯಾರ ಉಪಯೋಗಕ್ಕೂ ಬಾರದಿರಲೆಂದೇ ತಾನು ಅದನ್ನು ತಂದದ್ದು ಎಂದು ಹಲ್ಲಕ್ಕ ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದೆ ದಿನಕ್ಕೆ ಒಂದು ಗಂಟೆ. ಅಷ್ಟೇ ಅವಳ ಆಸೆ, ಅಷ್ಟೂ ಸಿಕ್ಕಿತ್ತು.

ಒಂದೇ ತೊಡಕು. ಮೇಣದ ಹಲ್ಲು ಸಾಗಿಸಲು ವ್ಯಾನಿನಲ್ಲಿ ಇದ್ದ ದೊಡ್ಡ ತಂಪುಪೆಟ್ಟಿಗೆ ಈ ಕಾರಿನಲ್ಲಿ ಎಲ್ಲೂ ಹಿಡಿಯಲಿಲ್ಲ. ಡಿಕ್ಕಿಯ ತುಂಬ ಸ್ಟೆಪ್ನಿ, ಸೀಟಿನ ಹಿಂದೆ ಮಡಚಿದ ಸೂರು. ಸ್ಟೀಲ್ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡು ಹೋಗುವುದು ಅವಳು ಕಂಡುಕೊಂಡ ದಾರಿ. ಒಂಬತ್ತು ತಿಂಗಳು ಅದು ಸುಸೂತ್ರವಾಗಿ ನಡೆಯಿತು.

ಹತ್ತನೇ ತಿಂಗಳಲ್ಲಿ ಅತ್ತೆಗೆ ಹೊಸ ಹಲ್ಲು ಬೇಕಾಯಿತು. ಹಳೆಯದು ಸವೆದು ಬಟನ್ನಿನಂತಾಗಿ, ಕೊನೆಗೆ ಎರಡು ತುಂಡಾಗಿತ್ತು. ಮೇಣದ ಹಲ್ಲು ಬಾಯಿಗಿಟ್ಟು ನೋಡುವ ದಿನ ಮನೆಯಲ್ಲಿ ಯಾರೂ ಬಿಡುವಾಗಿರದೆ ಹಲ್ಲಕ್ಕನೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಅತ್ತೆ ಹಾದಿಯುದ್ದಕ್ಕೂ ಬಾಗಿಲಿನ ಅಂಚು ಹಿಡಿದುಕೊಂಡು ಒಂದು ಮಾತೂ ಆಡಲಿಲ್ಲ. ಹೆದರಿದ್ದಾರೆ ಎಂದುಕೊಂಡಳು. ವೈದ್ಯರು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ ಎಂದರು. ಅಷ್ಟರಲ್ಲಿ ಗಂಡ ಆ ಕಡೆಯ ಕಟ್ಟಡವೊಂದರಲ್ಲಿ ಕೆಲಸ ಮುಗಿಸಿ ಬಂದು ತಾಯಿಯನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದ.

ಸೀಟು ಮತ್ತೆ ಖಾಲಿಯಾಯಿತು. ಹಲ್ಲಕ್ಕ ಡಬ್ಬಿಯನ್ನು ಅದರ ಮೇಲಿಟ್ಟು, ನೇರ ದಾರಿ ಬಿಟ್ಟು ಕಾಲುವೆಯ ಏರಿಯ ದಾರಿ ಹಿಡಿದಳು. ಬಿಸಿಲು ಬಲವಾಗಿತ್ತು. ಏರಿಯ ಮೇಲೆ ಕಾರು ನಿಲ್ಲಿಸಿ ನಡೆಯುತ್ತ ಹೋದಳು. ನೀರು ನೋಡುತ್ತ ನಿಂತಳು, ಮತ್ತೆ ನಡೆದಳು. ಯಾರೂ ಎಲ್ಲಿದ್ದೀಯ ಎಂದು ಕೇಳದ ನಲವತ್ತು ನಿಮಿಷ. ತಿರುಗಿ ಬಂದು ಡಬ್ಬಿ ಎತ್ತಿ ಸರಿಸಿದಾಗ ಬಟ್ಟೆ ಒಣಗಿ ಗರಿಗರಿಯಾಗಿತ್ತು, ಮುಚ್ಚಳ ಬೆಚ್ಚಗಿತ್ತು. ತೆಗೆದು ನೋಡಿದಳು. ಕಣ್ಣಿಗೆ ಸರಿಯಾಗಿಯೇ ಕಂಡಿತು. ಮನೆ ಪಕ್ಕದ ತನ್ನ ಕೆಲಸದ ಮನೆಗೆ ಹೋಗಿ, ಪ್ಲಾಸ್ಟರ್ ದವಡೆಗಳನ್ನು ಬಾಯಿಯಂತೆ ಮುಚ್ಚಿ ತೆರೆಯುವ ಸಲಕರಣೆಗೆ ಹಾಕಿ ಇನ್ನೊಮ್ಮೆ ಕಚ್ಚಿಸಿ ನೋಡಬೇಕಿತ್ತು, ಬೇರೆಯವರದಾಗಿದ್ದರೆ ನೋಡುತ್ತಿದ್ದಳು. ಮನೆಯವರದಲ್ಲವೇ, ವೈದ್ಯರೇ ಕೂದಲೆಳೆ ವ್ಯತ್ಯಾಸ ಇಲ್ಲ ಎಂದಿದ್ದಾರಲ್ಲವೇ ಎಂದು ನೇರವಾಗಿ ಪ್ಲಾಸ್ಟರಿಗೆ ಹೂತು, ಮೇಣ ಕರಗಿಸಿ ರಾಳ ತುಂಬಿದಳು.

"ಮನೇಲೇ ಇದೀರಲ್ಲ, ನೀವೇ ಕೂರಿಸಿಬಿಡಿ," ಎಂದು ವೈದ್ಯರು ಫೋನಿನಲ್ಲಿ ಹೇಳಿದ್ದರಿಂದ ಊಟದ ಮೇಜಿನ ಹತ್ತಿರವೇ ಅತ್ತೆಗೆ ಹಲ್ಲು ಕೂರಿಸಿದ್ದೂ ಆಯಿತು. ಅತ್ತೆ ಬಾಯಿ ಮುಚ್ಚಿ, ಮೆಲ್ಲಗೆ ಒಮ್ಮೆ ಕಚ್ಚಿ ನೋಡಿದರು. "ಚೆನ್ನಾಗಿದೆ," ಎಂದರು.

ಅದಾಗಿ ಏಳು ವಾರ. ಒಂದು ಬೆಳಗ್ಗೆ ಹಲ್ಲಕ್ಕ ಬಚ್ಚಲಿನಲ್ಲಿ ಮುಖ ತೊಳೆಯುವಾಗ ಗಾಜಿನ ಲೋಟದಲ್ಲಿ ಅತ್ತೆಯ ಹಲ್ಲು ಕಂಡಿತು. ಸುಮ್ಮನಿರಲಾರದ ಕೈ ಅದನ್ನು ಎತ್ತಿ ಬೆಳಕಿಗೆ ಹಿಡಿಯಿತು. ಬಲಗಡೆಯ ಕೊನೆಯ ಹಲ್ಲಿನ ಮೇಲೆ ನಾಣ್ಯದಂತೆ ಹೊಳೆಯುವ ಒಂದು ಮಚ್ಚೆ. ಎಡಗಡೆಯ ಹಲ್ಲುಗಳು ನಿನ್ನೆ ಡಬ್ಬಿಯಿಂದ ತೆಗೆದ ಹಾಗಿದ್ದವು, ಏನನ್ನೂ ಒಮ್ಮೆಯೂ ಕಚ್ಚಿದ ಗುರುತಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪಕ್ಕದ ಕೆಲಸದ ಮನೆಗೆ ಓಡಿ, ಅಟ್ಟದಿಂದ ಪ್ಲಾಸ್ಟರ್ ದವಡೆ ಇಳಿಸಿ ಕೂರಿಸಿ ಕಚ್ಚಿಸಿದಳು. ಬಲಗಡೆ ಟಕ್ಕೆಂದು ತಾಗಿತು. ಎಡಗಡೆ ಬಾಯಿ ಬಿಟ್ಟುಕೊಂಡೇ ಉಳಿಯಿತು, ಉಗುರು ತೂರುವಷ್ಟು. ಬಿಸಿಲಿಗೆ ಮೇಣ ಮೆತ್ತಗಾಗಿ ಒಂದು ಬದಿಯ ಹಲ್ಲುಗಳು ಓಲಿದ್ದವು. ಬೆಚ್ಚಗಿನ ಮುಚ್ಚಳ ಮುಟ್ಟಿದಾಗಲೇ ತನಗೆ ಗೊತ್ತಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು. ಗೊತ್ತಿದ್ದೂ ನೋಡಲಿಲ್ಲ. ಏಳು ವಾರದಿಂದ ಅತ್ತೆ ಸೂಪು, ನೆನೆಸಿದ ಬ್ರೆಡ್ಡು, ಹಿಸುಕಿದ ಆಲೂಗಡ್ಡೆ ತಿನ್ನುತ್ತಿದ್ದುದನ್ನು ಮನೆಯವರೆಲ್ಲ ವಯಸ್ಸು ಎಂದುಕೊಂಡಿದ್ದರು. ಹಲ್ಲಿನ ಕಸುಬಿನವಳ ಎದುರಿಗೇ ಕೂತು ಒಬ್ಬರು ಏಳು ವಾರ ಅಗಿಯದೆ ಉಂಡಿದ್ದಾರೆ, ಮತ್ತು ಇವಳು ಕಾರಿನ ಮೂತಿ ಒರೆಸುವ ಬಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದಳು. ಯಾರೂ ಏಳುವ ಮೊದಲೇ ಹಲ್ಲನ್ನು ಲೋಟಕ್ಕೆ ಹಾಕಿ ಬಂದಳು.

ಕ್ಯಾಲೆಂಡರಿನ ಸುತ್ತಿಗೆ ಇನ್ನು ನಾಲ್ಕೇ ವಾರ ಇತ್ತು.

ಆಮೇಲೆ ಮೂರು ದಿನ ಅವಳು ಇದ್ದಲ್ಲಿ ಇರಲಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಕಾರು ಹೋಯಿತು, ಅದರ ಜೊತೆ ಆ ಒಂದು ಗಂಟೆಯೂ ಹೋಯಿತು, ಮತ್ತೆ 'ಹೇಗೂ' ಶುರು. ಹೇಳದಿದ್ದರೆ ಅತ್ತೆಯ ಬಾಯಿ. ಡಾಕ್ಟರ ಬೀದಿಗೆ ಹೋಗಬೇಕಾದವಳು ಎರಡು ಸಲ ಬೇರೆ ಬೀದಿಗೆ ಹೋದಳು. ಮಳೆ ಬಂದರೂ ಸೂರು ಎಳೆಯದೆ ಅರ್ಧ ಊರು ದಾಟಿದಳು. ಸಿಗ್ನಲ್ಲಿನಲ್ಲಿ ಒಬ್ಬರು, "ಆರಾಮಾಗಿದೆಯಾ ಇದು?" ಎಂದು ಕೇಳಿದ್ದಕ್ಕೆ, "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಎಂದು ಗದರಿ, ಆಮೇಲೆ ಇಡೀ ದಾರಿ ಅದಕ್ಕೂ ಕೊರಗಿದಳು. ಗುಟ್ಟಾಗಿ ಹೊಸ ಹಲ್ಲು ಮಾಡೋಣವೆಂದರೆ ಅತ್ತೆಯ ಬಾಯಿಯ ಅಳತೆ ಮತ್ತೆ ಬೇಕು, ಈಗಿರುವುದನ್ನು ವಾರ ಬಿಚ್ಚಿಡಿಸಬೇಕು. ಬೊಚ್ಚುಬಾಯಲ್ಲಿ ಒಬ್ಬರು ವಾರವೆಲ್ಲ ಓಡಾಡಿದರೆ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳದಿರುತ್ತಾರೆಯೇ?

"ಅತ್ತೆ, ಹಲ್ಲು ನೋಯುತ್ತಾ?" ಎಂದು ಅಡುಗೆಮನೆಯಲ್ಲಿ ಕೇಳಿದಳು.

"ಇಲ್ಲಮ್ಮ."

"ಒತ್ತುತ್ತಾ?"

"ಚೆನ್ನಾಗಿದೆ ಅಂದ್ನಲ್ಲ," ಎಂದು ಅತ್ತೆ ಪಾತ್ರೆ ಒರೆಸಲು ತಿರುಗಿಕೊಂಡರು.

ನಾಲ್ಕನೇ ದಿನ ಬೆಳಗ್ಗೆ ಹಲ್ಲಕ್ಕ ಪ್ಲಾಸ್ಟರ್ ಮೂಟೆ ಇಳಿಸಿ, ಸೀಟು ಒರೆಸಿ, "ಬನ್ನಿ ಅತ್ತೆ, ಒಂದು ಸುತ್ತು ಹೋಗಿ ಬರೋಣ," ಎಂದಳು. ಮನೆಯವರ ಕಿವಿಯಿಂದ ದೂರ ಹೋಗಿ ಮಾತಾಡಬೇಕಿತ್ತು. ಅತ್ತೆ ಯಾಕೆ ಎಲ್ಲಿಗೆ ಎಂದು ಒಂದೂ ಕೇಳದೆ ಸೆರಗು ಬಿಗಿದುಕೊಂಡು ಬಂದರು. ಎಪ್ಪತ್ತನಾಲ್ಕರ ಸೊಂಟವನ್ನು ಆ ಕಾರಿಗೆ ಇಳಿಸುವುದು ಸಣ್ಣ ಕೆಲಸವಲ್ಲ. ಮೊದಲು ಬೆನ್ನು ಮಾಡಿ ಕೂರಬೇಕು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಸಾಮಾನಿನ ಹಾಗೆ ಒಳಗೆ ಎತ್ತಿಡಬೇಕು. ಅತ್ತೆ ಮೂರನೇ ಪ್ರಯತ್ನಕ್ಕೆ ಧೊಪ್ಪೆಂದು ಬಿದ್ದು, "ಏಳೋದನ್ನ ಆಮೇಲೆ ನೋಡ್ಕೊಳ್ಳೋಣ," ಎಂದರು.

ಪೇಟೆ ದಾಟಿ ಗೋದಾಮುಗಳ ಉದ್ದ ರಸ್ತೆಗೆ ಬಂದಾಗ ಅತ್ತೆ ಸದ್ದಿಲ್ಲದೆ ಎರಡೂ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಬಾಯಿ ಸ್ವಲ್ಪ ತೆರೆದು ಗಾಳಿಗೆ ಮುಖವೊಡ್ಡಿದರು. ಬಲಗಡೆಯ ವಸಡು ಕೆಂಪಗೆ ಬಾತಿದ್ದು ಹಲ್ಲಕ್ಕನಿಗೆ ಗಾಡಿ ಓಡಿಸುತ್ತಲೇ ಕಂಡಿತು. ಗಾಡಿಯನ್ನು ಒಂದು ಗೋದಾಮಿನ ಗೋಡೆಗೆ ನಿಲ್ಲಿಸಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ," ಎಂದರು ಅತ್ತೆ. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗಾಗಿತ್ತು. "ಬಾಯಿ ಮುಚ್ಚಿದ ತಕ್ಷಣ ಗೊತ್ತಾಯ್ತು. ಡಾಕ್ಟರ್ ಹತ್ರ ಹಾಗಿರ್ಲಿಲ್ಲ, ಮನೇಲಿ ಹೀಗಾಯ್ತು. ಮಧ್ಯೆ ಏನಿದೆ? ನೀನು, ಕಾರು."

"ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಕಾರ್ ಮಾರ್ತಿದ್ದೆ. ನೀನು ಆಡಿದ ಮಾತಿಗೆ ತಪ್ಪೋಳಲ್ಲ, ಅದೇ ನಿನ್ನ ದೊಡ್ಡ ಕಾಯಿಲೆ."

ಹಲ್ಲಕ್ಕ ಸ್ಟಿಯರಿಂಗ್ ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿದುಕೊಂಡಳು. "ನಾನು ಮಾರಿದ್ರೆ ನಿಮಗೇನು ಅತ್ತೆ? ವ್ಯಾನ್ ಬಂದ್ರೆ ನಿಮಗೇ ಆರಾಮಲ್ವಾ? ಎತ್ತರ ಇರುತ್ತೆ, ಹತ್ತಿ ಇಳಿಯೋಕೆ ಸುಲಭ."

ಅತ್ತೆ ಮುಂದಿನ ಗಾಜಿನ ಆಚೆ ನೋಡಿದರು. "ನಮ್ಮ ಮಾವನವರ ಕಾರಲ್ಲಿ ಹಿಂದೆ ಕೂತೆ," ಎಂದರು. "ನಿಮ್ಮ ಮಾವನ ಕಾರಲ್ಲಿ ಮಕ್ಕಳನ್ನ ಹಿಡ್ಕೊಂಡು ಹಿಂದೆ ಕೂತೆ. ನಿನ್ನ ವ್ಯಾನಲ್ಲಿ ಮೂರನೇ ಸಾಲು, ಸಿಲಿಂಡರ್ ಪಕ್ಕ. ನಾನು ಈ ಊರಲ್ಲಿ ಐವತ್ತು ವರ್ಷದಿಂದ ಇದೀನಿ, ನೋಡಿರೋದು ಬರೀ ಮುಂದಿನವರ ಕತ್ತು. ಈ ಕಾರಲ್ಲಿ ಹಿಂದಿನ ಸೀಟೇ ಇಲ್ಲ."

ಇಪ್ಪತ್ತೆರಡು ವರ್ಷ ವ್ಯಾನಿನ ಕನ್ನಡಿಯಲ್ಲಿ ಹಲ್ಲಕ್ಕ ಹಿಂದೆ ನೋಡಿದ್ದಳು. ಸಿಲಿಂಡರ್ ಉರುಳಿತೇ, ಮಕ್ಕಳು ಬಾಗಿಲು ತೆಗೆದರೇ ಎಂದು ನೋಡಿದ್ದಳು. ಅಲ್ಲಿ ಅತ್ತೆಯ ಮುಖ ಇತ್ತೇ? ನೆನಪಿಗೆ ಬರಲಿಲ್ಲ. ಒಂದು ಮಾತ್ರ ನೆನಪಾಯಿತು: ಆ ಮನೆಯಲ್ಲಿ 'ಹೇಗೂ ಹೋಗ್ತಿದೀಯಲ್ಲ' ಎಂದು ಒಂದು ದಿನವೂ ಅನ್ನದವರು ಅತ್ತೆ ಒಬ್ಬರೇ.

"ಅವತ್ತು ಡಾಕ್ಟರ್ ಹತ್ರ ಹೋಗುವಾಗ ನೀವು ಹೆದರಿದ್ರಿ ಅಂದ್ಕೊಂಡೆ."

"ಹೆದರಿಕೆ ಏನು ಬಂತು? ನೋಡೋದಿತ್ತಲ್ಲ, ಮಾತಾಡೋಕೆ ಪುರುಸೊತ್ತಿರ್ಲಿಲ್ಲ." ಅತ್ತೆ ವಸಡನ್ನು ನಾಲಿಗೆಯಿಂದ ಸವರಿಕೊಂಡರು. "ಅದಾದ್ಮೇಲೆ ಇನ್ನೊಂದು ಸಲ ಕರೀತೀಯೇನೋ ಅಂತ ಕಾದೆ. ನೀನು ಖಾಲಿ ಸೀಟನ್ನೇ ಕೂರಿಸ್ಕೊಂಡು ಓಡಾಡಿದೆ."

ಇದಕ್ಕಿಂತ ಕೆನ್ನೆಗೆ ಒಂದು ಬಾರಿಸಿದ್ದರೆ ವಾಸಿ ಇತ್ತು. ಹಲ್ಲಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ತನಗೆ ಇದ್ದದ್ದೇ ಒಂದು ಗಂಟೆ, ಒಂದು ಖಾಲಿ ಸೀಟು. ಅದಕ್ಕೂ ಒಬ್ಬರು ಬಾಗಿಲ ಹಿಂದೆ ನಿಂತು ಕಾಯುತ್ತಿದ್ದರು ಎಂದರೆ ಯಾರ ಮೇಲೆ ಸಿಟ್ಟಾಗುವುದು?

"ಇವತ್ತೇ ಅಳತೆ ತಗೋತೀನಿ," ಎಂದಳು. "ಒಂದು ವಾರ ಹಲ್ಲು ನನಗೆ ಕೊಡಿ."

"ನಾಲ್ಕು ವಾರ ತಡಿ. ವರ್ಷ ತುಂಬಲಿ, ಸುತ್ತು ಹಾಕಿದ ತಾರೀಕು ದಾಟಲಿ. ಆಮೇಲೆ ಅಳತೆ ತಗೋ, ಏನ್ ಬೇಕಾದ್ರೂ ಮಾಡು."

"ನಾಲ್ಕು ವಾರ ಹೀಗೇ ಇದ್ರೆ ಹುಣ್ಣಾಗುತ್ತೆ ಅತ್ತೆ."

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಂಗೆ ಈಗ ಕಡಲೆ ಸಿಕ್ಕಿದೆ, ಹಲ್ಲಿನ ಮಾತು ಬಿಡು," ಎಂದು ಅತ್ತೆ ಚೀಲದಿಂದ ಕರವಸ್ತ್ರ ತೆಗೆದು ಹಲ್ಲು ಹಾಕಿಕೊಂಡರು. ಬಾಯಿ ಮುಚ್ಚುವಾಗ ಬಲಗಣ್ಣು ಕಿರಿದಾಯಿತು. "ಹೊರಡು, ಇಲ್ಲಿ ಗೋಡೆ ಬಿಟ್ರೆ ಏನೂ ಕಾಣಲ್ಲ."

ಆ ಕಿರಿದಾದ ಕಣ್ಣು ಹಲ್ಲಕ್ಕನನ್ನು ಇಡೀ ದಿನ ಬಿಡಲಿಲ್ಲ. ಅವಳಿಗೂ ಒಂದು ಕಸುಬಿನ ಮಾನ ಇತ್ತು. ತಾನು ಮಾಡಿದ ಕೆಟ್ಟ ಹಲ್ಲು ಒಂದು ಬಾಯಲ್ಲಿ ಇದೆ, ಅದನ್ನು ಇನ್ನೂ ನಾಲ್ಕು ವಾರ ಅಲ್ಲೇ ಬಿಡುವುದು ಒಂದು ಕಾರಿಗೋಸ್ಕರ! ಕೆಲಸದ ಮನೆಯಲ್ಲಿ ಬೇರೆ ರೋಗಿಯ ಒಂದೇ ಹಲ್ಲನ್ನು ಮೂರು ಸಲ ನೆಟ್ಟು ಮೂರು ಸಲ ಕಿತ್ತಳು. ನಾಲ್ಕನೇ ಸಲ ಚಾಕು ಕೆಳಗಿಟ್ಟು ಎದ್ದಳು. ಮಾರಿದರೆ ಮಾರಿದಂತೆ. ಹೇಳಿಬಿಡುವುದೇ ಸರಿ.

ಸಂಜೆ ಬೆಳಕಿರುವಾಗಲೇ ಊಟಕ್ಕೆ ಕೂರುವ ಮನೆ ಅದು. ಆ ದಿನ ಮೇಲಿನವರೂ ಕೆಳಗೆ ಬಂದಿದ್ದರು. ಹಲ್ಲಕ್ಕ ಕೂರದೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದಳು.

"ಕಾರಿಂದ ಒಂದು ಕೆಲಸ ಕೆಟ್ಟಿದೆ. ಅತ್ತೆಯ ಹಲ್ಲು. ಬಿಸಿಲಿಗೆ ಬಿಟ್ಟು ಮೇಣ ಓಲಿತು, ನಾನು ನೋಡದೆ ಮುಗಿಸಿಬಿಟ್ಟೆ. ಏಳು ವಾರದಿಂದ ಅವರು ಅಗಿದಿಲ್ಲ. ನಾನು ಮಾತು ಕೊಟ್ಟಿದ್ದೆ. ಈ ವಾರವೇ ಮಾರ್ತೀನಿ."

ಗಂಡ ಚಮಚ ಕೆಳಗಿಟ್ಟ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಕೆಂಪು ಚೀಟಿ ಅಂಟಿಸುವಾಗಿನ ಬೇಸರ ಮಾತ್ರ ಇತ್ತು. "ಹಾಗಾದ್ರೆ ಮುಗೀತು," ಎಂದ. "ನೀನೇ ಹೇಳಿದ್ದು ಒಳ್ಳೇದಾಯ್ತು." ಮೈದುನನಿಗೆ ಬೇಸರವೂ ಇರಲಿಲ್ಲ. "ಏಳು ಸೀಟಿಂದು ಬೇಡ ಅತ್ತಿಗೆ, ಎಂಟು ಸೀಟಿಂದೇ ನೋಡೋಣ," ಎಂದ. ಓರಗಿತ್ತಿ ಆಗಲೇ ಮಕ್ಕಳ ಈಜಿನ ತರಗತಿಯ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು.

ಅತ್ತೆ ಮೇಜಿನ ನಡುವೆ ಇದ್ದ ಹಣ್ಣಿನ ತಟ್ಟೆಗೆ ಕೈ ಚಾಚಿ ಒಂದು ಸೇಬು ತೆಗೆದುಕೊಂಡರು. ಹೆಚ್ಚಿದ್ದಲ್ಲ, ಇಡೀ ಸೇಬು, ಹಸಿರು ಬಣ್ಣದ ಗಟ್ಟಿಯದು. ಸೆರಗಿನಲ್ಲಿ ಒರೆಸಿದರು. ಬಾಯಗಲಿಸಿ ಕಚ್ಚಿದರು.

ಆ ಸದ್ದಿಗೆ ಮಕ್ಕಳೂ ತಲೆಯೆತ್ತಿದರು. ಅತ್ತೆ ಒಂದು ದೊಡ್ಡ ತುಂಡು ಕಿತ್ತುಕೊಂಡು ಬಲಗಡೆಗೆ ಹಾಕಿಕೊಂಡು ಅಗಿದರು. ಅಗಿದು ಅಗಿದು ನುಂಗಿದರು. ಮತ್ತೆ ಕಚ್ಚಿದರು. ಕಣ್ಣಲ್ಲಿ ನೀರು ತುಂಬಿ ಬಂದು ಕೆನ್ನೆಯ ಗೆರೆಯಲ್ಲಿ ಇಳಿಯಿತು, ಅದನ್ನು ಒರೆಸಿಕೊಳ್ಳಲಿಲ್ಲ. ಮೇಜಿನ ಸುತ್ತ ಯಾರೂ ಚಮಚ ಮುಟ್ಟಲಿಲ್ಲ. ಆ ನೋವು ಎಷ್ಟೆಂದು ಅಲ್ಲಿ ಒಬ್ಬಳಿಗೆ ಮಾತ್ರ ಉಗುರಿನ ಲೆಕ್ಕದಲ್ಲಿ ಗೊತ್ತಿತ್ತು. "ಸಾಕು ಅತ್ತೆ," ಎಂದಳು ಹಲ್ಲಕ್ಕ. ಅತ್ತೆ ಬೀಜದವರೆಗೂ ತಿಂದು, ದಿಂಡನ್ನು ತಟ್ಟೆಯ ಅಂಚಿಗೆ ಇಟ್ಟರು.

"ಅಮ್ಮ, ಕಣ್ಣಲ್ಲಿ ನೀರು ಬರ್ತಿದೆ," ಎಂದ ಗಂಡ.

"ಹುಳಿ ಹಣ್ಣು ತಂದಿದೀಯ," ಎಂದರು ಅತ್ತೆ. "ಸೂಪು ನಂಗೆ ಇಷ್ಟ, ಅದಕ್ಕೆ ಕುಡೀತಿದ್ದೆ. ಅಗಿಯೋಕಾಗಲ್ಲ ಅಂತ ನಾನು ಯಾರಿಗಾದ್ರೂ ಹೇಳಿದ್ನಾ? ನಿನ್ನ ಹೆಂಡ್ತಿಗೆ ತನ್ನ ಕೆಲಸದ ಮೇಲೆ ತನಗೇ ಅನುಮಾನ. ನನ್ನ ಬಾಯಿ ವಿಷಯ ನನ್ನನ್ನ ಕೇಳಿ."

ಗಂಡ ಸೇಬಿನ ದಿಂಡನ್ನು ಎತ್ತಿ ತಿರುಗಿಸಿ ನೋಡಿದ. ಅವನ ಕಸುಬಿನಲ್ಲಿ ಭಾರ ಹೊತ್ತು ಮೇಲೆ ಹೋಗಿ ಕೆಳಗೆ ಬಂದ ಲಿಫ್ಟಿಗೆ ಕೆಂಪು ಚೀಟಿ ಹಾಕಲು ಬರುವುದಿಲ್ಲ. "ಹಲ್ಲು ಕೆಲಸ ಮಾಡ್ತಿದೆಯಲ್ಲ," ಎಂದ ಹೆಂಡತಿಗೆ. "ಸುಮ್ನೆ ಊಟಕ್ಕೆ ಕೂತ್ಕೋ." ಓರಗಿತ್ತಿಯ ಬೆರಳುಗಳು ಮಡಚಿಕೊಂಡವು.

ಅತ್ತೆ ಎದ್ದು ಬಚ್ಚಲಿಗೆ ಹೋದರು. ಹಲ್ಲಕ್ಕ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಹಲ್ಲು ತೆಗೆದು ಸೊಸೆಯ ಅಂಗೈಗೆ ಇಟ್ಟು, ಬಾಯಿ ಮುಕ್ಕಳಿಸಿ ಉಗುಳಿದರು. ನೀರು ಕೆಂಪಗಿತ್ತು. ಎರಡನೇ ಸಲವೂ ಕೆಂಪಗಿತ್ತು. ಮೂರನೇ ಸಲ ತಿಳಿಯಾಯಿತು.

"ಯಾಕೆ ಹೀಗ್ ಮಾಡಿದ್ರಿ?" ಎಂದಳು ಹಲ್ಲಕ್ಕ. ಅವಳು ಅಳುತ್ತಿದ್ದಳು. ಅಳುತ್ತಲೇ ಇನ್ನೊಂದು ವಿಷಯವೂ ಅವಳಿಗೆ ಸ್ಪಷ್ಟವಾಗಿತ್ತು: ಕಾರು ಉಳಿಯಿತು, ಆದರೆ ಆ ಖಾಲಿ ಸೀಟು ಇನ್ನು ಅವಳದಲ್ಲ. ಅದಕ್ಕೆ ಕೊಡಬೇಕಾದ್ದನ್ನೆಲ್ಲ ಒಬ್ಬರು ಈಗಷ್ಟೇ ಎಲ್ಲರೆದುರಿಗೆ ಕೊಟ್ಟು ಬಂದಿದ್ದರು. ಬೇಜಾರಾಯಿತು. ಇಲ್ಲವೆಂದರೆ ಸುಳ್ಳು. ಬೇಜಾರಾದದ್ದಕ್ಕೆ ನಾಚಿಕೆಯೂ ಆಯಿತು, ಎರಡೂ ಒಟ್ಟಿಗೇ ಇದ್ದವು.

ಅತ್ತೆ ಟವೆಲಿನಲ್ಲಿ ಬಾಯಿ ಒತ್ತಿಕೊಂಡು ಕನ್ನಡಿಯಲ್ಲಿ ಅವಳನ್ನು ನೋಡಿದರು.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು?"

"ಎಂಟಕ್ಕೆ."

"ಏಳಕ್ಕೇ ಹೋಗೋಣ," ಎಂದರು ಅತ್ತೆ. "ನಂಗೆ ಕೂತಲ್ಲಿ ಕೂರಕ್ಕಾಗಲ್ಲ. ಮೊದಲಿಂದಲೂ ಆಗ್ತಿರ್ಲಿಲ್ಲ."